ಐವರ ಊಟ, ಒಬ್ಬನ ಹೊಟ್ಟೆ

"ಪ್ರೋವೊ ಗೇಟಿನಲ್ಲಿ ನಮ್ಮ ಮನೆಯವರು ಒಂದು ಹನಿ ಕಣ್ಣೀರು ಹಾಕಿದರೂ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ!"

ಹೀಗೆಂದು ಅಪ್ಪಣೆ ಹೊರಡಿಸಿದವಳು ಟಿಂಗಿ ಮನೆಯ ಹಿರಿಮಗಳು ಜೋಲೇನ್. ಮೂವತ್ತು ವರ್ಷದ ಗೃಹಿಣಿಯಾದರೂ ಅವಳ ದನಿಯಲ್ಲಿ ದಂಡನಾಯಕನ ಗತ್ತು. ಅವಳ ತಂಗಿ ಮೇರನ್ ಹತ್ತೊಂಬತ್ತು ತುಂಬಿದ ಕೂಡಲೇ ಮಿಷನರಿಯಾಗಿ ಹೋಗಲು ಚರ್ಚಿಗೆ ಅರ್ಜಿ ಹಾಕಿದ್ದಳು. ಒಂದೂವರೆ ವರ್ಷ ಫಿನ್‌ಲೆಂಡಿಗೆ ಹೋಗಿ ಧರ್ಮ ಸಾರಬೇಕೆಂದು ಆಜ್ಞೆ ಬಂದಿತ್ತು. ಅದಕ್ಕೆ ಮೊದಲು ಭಾಷೆ ಕಲಿಯಲು ಯೂಟಾದ ಪ್ರೋವೊ ಪಟ್ಟಣದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಇರಬೇಕು. ಐಡಹೊದ ಪ್ರೆಸ್ಟನ್ ಊರಿನಿಂದ ಅವಳನ್ನು ವ್ಯಾನಿನಲ್ಲಿ ಕರೆದೊಯ್ದು ಆ ಕೇಂದ್ರದ ಗೇಟಿನಲ್ಲಿ ಇಳಿಸಿ ಬರುವುದೇ ಆ ಬುಧವಾರದ ದಂಡಯಾತ್ರೆ.

ಆ ಗೇಟಿನ ಕಟ್ಟುನಿಟ್ಟು ಎಲ್ಲರಿಗೂ ಗೊತ್ತು. ವ್ಯಾನು ನಿಲ್ಲಬೇಕು, ಪೆಟ್ಟಿಗೆ ಇಳಿಯಬೇಕು, ಒಂದು ಅಪ್ಪುಗೆ, ವ್ಯಾನು ಮುಂದಕ್ಕೆ ಹೋಗಬೇಕು. ಅಷ್ಟೇ. ಹಿಂದೆ ಕಾರುಗಳ ಸಾಲೇ ಕಾದಿರುತ್ತದೆ. ಹೋದ ವರ್ಷ ಪಕ್ಕದ ಮನೆಯ ಸ್ಕೀನ್ ದಂಪತಿಗಳು ಮಗನನ್ನು ತಬ್ಬಿಕೊಂಡು ಗೋಳಾಡಿ ಇಡೀ ಸಾಲನ್ನೇ ನಿಲ್ಲಿಸಿಬಿಟ್ಟ ಕಥೆಯನ್ನು ಪ್ರೆಸ್ಟನ್ನಿನ ಹೆಂಗಸರು ಇವತ್ತಿಗೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಅದನ್ನು ಹೆಚ್ಚು ಸಲ ಹೇಳಿದವಳು ಜೋಲೇನಳೇ.

ಹೊರಗೆ ಇಷ್ಟೆಲ್ಲ ಪ್ರತಾಪ. ಒಳಗಿನ ವಿಷಯವೇ ಬೇರೆ. ಮೇರನ್ ಹುಟ್ಟಿದಾಗ ಜೋಲೇನಿಗೆ ಹನ್ನೊಂದು ವರ್ಷ. ತಂಗಿಗೆ ಜಡೆ ಹೆಣೆದದ್ದು, ಸೈಕಲ್ ಕಲಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಎಲ್ಲ ಅವಳೇ. ಆ ಹುಡುಗಿ ಇಲ್ಲದ ಒಂದೂವರೆ ವರ್ಷವನ್ನು ಅವಳಿಂದ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಆದ್ದರಿಂದ ಅವಳು ಹಿಂದಿನ ರಾತ್ರಿಯಿಂದಲೇ ಗುಟ್ಟಾಗಿ ಉಪವಾಸ ಹಿಡಿದಿದ್ದಳು.

ತಿಂಗಳ ಮೊದಲ ಭಾನುವಾರ ಅವರ ಚರ್ಚಿನಲ್ಲಿ ಎಲ್ಲರದೂ ಉಪವಾಸವೇ. ಇದು ಅದರ ಮೇಲಿನದು, ಖಾಸಗಿ ಕೋರಿಕೆಯದು. ಅನ್ನಾಹಾರವಿರಲಿ, ಒಂದು ಗುಟುಕು ನೀರೂ ಇಲ್ಲ. ಜೊತೆಗೆ ಇನ್ನೊಂದು ಕಟ್ಟಳೆ: ಉಪವಾಸ ಇದ್ದೇನೆಂದು ಯಾರಿಗೂ ಹೇಳಬಾರದು, ಮುಖ ಬಾಡಿಸಬಾರದು. ಡಂಗುರ ಸಾರಿದರೆ ಪುಣ್ಯವೆಲ್ಲ ಸೋರಿಹೋಗುತ್ತದೆ. ಅದಕ್ಕೇ ಗಂಡ ರೂಲನ್ ಬೆಳಿಗ್ಗೆ ತಿಂಡಿ ಆಯಿತಾ ಎಂದು ಕೇಳಿದಾಗ ಅವಳು ತೇಗಿದಂತೆ ನಟಿಸಿ ಜಾರಿಕೊಂಡಿದ್ದಳು. ದೇವರಲ್ಲಿ ಅವಳು ಕೇಳಿಕೊಂಡದ್ದು ಮಾತ್ರ ಯಾರ ಮುಂದೆಯೂ ಬಾಯಿಬಿಡುವಂಥದ್ದಾಗಿರಲಿಲ್ಲ: 'ನಾನು ಬೇಡ ಅನ್ನುವುದಿಲ್ಲ ತಂದೆ. ಅವಳೇ ಹೋಗುವುದಿಲ್ಲ ಅನ್ನಲಿ.'

ರೂಲನ್ ವ್ಯಾನು ಓಡಿಸಿದ. ಮಧ್ಯಾಹ್ನಕ್ಕೆ ಮೊದಲೇ ಪ್ರೋವೊ ತಲುಪಿ, ವಾಡಿಕೆಯಂತೆ ಕೊನೆಯ ಊಟಕ್ಕೆಂದು ಒಂದು ಹೋಟೆಲಿನಲ್ಲಿ ಕೂತರು. ಅಪ್ಪ ವರ್ಲ್, ಅಮ್ಮ ನೆಡ್ರಾ, ಜೋಲೇನ್, ರೂಲನ್, ಮೇರನ್, ಒಟ್ಟು ಐದು ಜನ. ಕಡಿಮೆ ತರಿಸಿದರೆ ಗುಟ್ಟು ರಟ್ಟಾದೀತೆಂದು ಜೋಲೇನ್ ಸುಟ್ಟ ಮಾಂಸದ ದೊಡ್ಡ ತುಂಡು, ಸ್ಟೇಕನ್ನೇ ಹೇಳಿದಳು. ವಿಚಿತ್ರವೆಂದರೆ ಎಲ್ಲರೂ ದೊಡ್ಡದನ್ನೇ ಹೇಳಿದರು. ಮೇಜಿನ ಮೇಲೆ ಮಾಂಸ, ಬೆಣ್ಣೆ ಸುರಿದ ಆಲೂಗಡ್ಡೆ, ಬಿಸಿ ಬಿಸಿ ಬನ್ನುಗಳ ಬುಟ್ಟಿ, ಜೇನು ಕಲಸಿದ ಬೆಣ್ಣೆ ಎಲ್ಲ ಬಂದು ಕೂತವು. ಅಪ್ಪ ತಲೆ ಬಾಗಿಸಿ ಪ್ರಾರ್ಥನೆ ಹೇಳಿದರು. "ಈ ಆಹಾರವನ್ನು ಯಾರು ತಿನ್ನುವರೋ ಅವರಿಗೆ ಒಳ್ಳೆಯದಾಗಲಿ" ಎಂದರು. ಜೋಲೇನಿಗೆ ಅದು ಸ್ವಲ್ಪ ಹೊಸದಾಗಿ ಕೇಳಿಸಿತು, ಆದರೆ ಆ ಘಮಲಿನ ಮುಂದೆ ಯೋಚಿಸುವ ಶಕ್ತಿ ಅವಳಿಗಿರಲಿಲ್ಲ.

ಹತ್ತು ನಿಮಿಷ ಕಳೆಯಿತು. ರೂಲನ್‌ನ ತಟ್ಟೆ ಬರಿದಾಯಿತು, ಉಳಿದ ನಾಲ್ಕು ತಟ್ಟೆಗಳಲ್ಲಿ ಚಾಕು ಚಮಚಗಳ ಕವಾಯತು ಮಾತ್ರ ನಡೆದಿತ್ತು. ಎಲ್ಲರೂ ಕತ್ತರಿಸುತ್ತಿದ್ದಾರೆ, ಯಾರ ಬಾಯಿಯೂ ಆಡುತ್ತಿಲ್ಲ. ಜೋಲೇನಿಗೆ ತನ್ನ ಸ್ಟೇಕನ್ನು ಮಾಯ ಮಾಡುವ ಚಿಂತೆ. ಗಂಡನಿಗೆ ಮಾತ್ರ ಕೇಳಿಸುವಂತೆ, ತುಂಬ ಜಾಸ್ತಿಯಾಯಿತು, ಬಿಸಾಡುವುದು ಪಾಪ ಎಂದು ಅರ್ಧವನ್ನು ಅವನ ತಟ್ಟೆಗೆ ಸಾಗಿಸಿದಳು. ಅಮ್ಮ ಆ ಕಡೆಯಿಂದ ಅಳಿಯನ ತಟ್ಟೆಗೆ ಆಲೂಗಡ್ಡೆ ಸುರಿದರು. ಅಪ್ಪ ಗಂಡಸಾದವನು ಚೆನ್ನಾಗಿ ತಿನ್ನಬೇಕೆಂದು ಉಪದೇಶಿಸಿ ತಮ್ಮ ಪಾಲಿನ ಅರ್ಧ ದಾಟಿಸಿದರು. ರೂಲನ್ ಒಳ್ಳೆಯ ಮನುಷ್ಯ, ಮಾವನ ಮನೆಯವರ ಮಾತು ಮೀರಿದವನಲ್ಲ. ಬೆವರು ಒರೆಸಿಕೊಂಡು ತಿನ್ನುತ್ತಲೇ ಹೋದ.

ಬಡಿಸುವ ಹೆಂಗಸು ನೀರು ಹೊಯ್ಯಲು ಬಂದಳು. ನಾಲ್ಕು ಲೋಟಗಳೂ ತುಂಬಿದ ಹಾಗೇ ಇದ್ದವು. ಊಟ ಸರಿಯಿಲ್ಲವೇ ಎಂದು ಕೇಳಿದಳು. ಅಮೃತದಂತಿದೆ ಎಂದು ನಾಲ್ವರೂ ಒಟ್ಟಿಗೆ ಹೇಳಿದರು. ಅವಳಿಗೆ ನಂಬಿಕೆ ಬರಲಿಲ್ಲ. ಅಡುಗೆಯವನನ್ನೇ ಕರೆತಂದಳು. ಅವನು ಟೋಪಿ ಕೈಯಲ್ಲಿ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ನಿಂತ. ಅವನ ಸಮಾಧಾನಕ್ಕೆ ಅಪ್ಪ ಒಂದು ತುಂಡನ್ನು ಬಾಯಿಯ ತನಕ ಒಯ್ದು, ಅವನು ಅತ್ತ ತಿರುಗಿದ್ದೇ ತಡ ಕೋಟಿನ ಜೇಬಿಗೆ ಇಳಿಸಿದರು. ಜೋಲೇನ್ ಅದನ್ನು ನೋಡಿದಳು, ವಯಸ್ಸಾಯಿತು, ಹಲ್ಲಿಗೆ ಆಗುತ್ತಿಲ್ಲವೇನೋ ಎಂದುಕೊಂಡಳು. ಹೋಟೆಲಿನ ಯಜಮಾನರು ಕ್ಷಮೆ ಕೋರಿ ಪುಕ್ಕಟೆಯಾಗಿ ಸೇಬು ತುಂಬಿದ ಸಿಹಿ ಪೈಯ ಐದು ಹೋಳು ಕಳಿಸಿದರು. ರೂಲನ್ ಅವನ್ನು ನೋಡಿ ಕಣ್ಣು ಮುಚ್ಚಿಕೊಂಡ.

ಆಗಲೇ ಜೋಲೇನಿನ ಕಣ್ಣು ತಂಗಿಯ ತಟ್ಟೆಯ ಮೇಲೆ ಬಿತ್ತು. ಮೇರನ್ ಒಂದು ತುತ್ತನ್ನೂ ಮುಟ್ಟಿರಲಿಲ್ಲ! ಕಿಟಕಿಯಾಚೆ ಹಿಮ ಮುಸುಕಿದ ಬೆಟ್ಟಗಳನ್ನು ನೋಡುತ್ತ ಸುಮ್ಮನೆ ಕೂತಿದ್ದಳು, ಮುಖ ಬಿಳುಚಿಕೊಂಡಿತ್ತು. ತಿನ್ನುವುದರಲ್ಲಿ ಅಣ್ಣಂದಿರಿದ್ದರೆ ಅವರನ್ನೂ ಮೀರಿಸುವಂಥ ಹುಡುಗಿ ಊಟ ಬಿಟ್ಟಿದ್ದಾಳೆಂದರೆ ಅರ್ಥ ಒಂದೇ: ಮನಸ್ಸು ಬದಲಾಗಿದೆ. ದೇವರು ಕೇಳಿಸಿಕೊಂಡಿದ್ದಾನೆ.

ಜೋಲೇನಿಗೆ ಒಂದು ಗಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಗಳಿಗೆ ಜೀವ ಝಲ್ಲೆಂದಿತು. ಹುಡುಗಿ ಹೈಸ್ಕೂಲಿನಿಂದ ಕಂಡ ಕನಸು ಇದು. ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದು ಇದಕ್ಕೆಂದೇ ಹಣ ಕೂಡಿಟ್ಟವಳು. ಅದನ್ನು ನಾನೊಬ್ಬಳು ಹೊಟ್ಟೆ ಕಟ್ಟಿ, ದೇವರ ಕಿವಿ ಕಚ್ಚಿ ಹಾಳುಮಾಡಿದೆನಲ್ಲ!

"ಮೇರನ್, ಒಂದು ತುತ್ತಾದ್ರೂ ತಿನ್ನೇ" ಎಂದಳು.

"ನೀನು ತಿನ್ನು ಅಕ್ಕ. ಆಗಿಂದ ನೋಡ್ತಿದೀನಿ, ನೀನೂ ಒಂದು ತುತ್ತು ಬಾಯಿಗಿಟ್ಟಿಲ್ಲ."

ತಿಂದರೆ ಉಪವಾಸ ಮುರಿಯುತ್ತದೆ, ಉಪವಾಸ ಮುರಿದರೆ ಕೋರಿಕೆ ಹೋಯಿತು, ಕೋರಿಕೆ ಹೋದರೆ ತಂಗಿಯೂ ಹೋದಳು. ತುತ್ತು ಎತ್ತಿದಳು, ಇಳಿಸಿದಳು. ಕೊನೆಗೆ ಮೇಜಿನ ಮೇಲೆ ಉಳಿದದ್ದನ್ನೆಲ್ಲ ರೂಲನ್‌ಗೇ ತಿನ್ನಿಸಿ, ಗೇಟಿಗೆ ಹೊತ್ತಾಯಿತೆಂದು ಅಪ್ಪ ಎದ್ದುಬಿಟ್ಟರು.

ಹೊರಗೆ ಬಂದಾಗ ಇನ್ನೊಂದು ಗ್ರಹಚಾರ ಕಾದಿತ್ತು. ಐವರ ಊಟವನ್ನೂ ಐದು ಹೋಳು ಪೈಯನ್ನೂ ಒಬ್ಬನೇ ಹೊತ್ತಿದ್ದ ರೂಲನ್‌ಗೂ ಸ್ಟಿಯರಿಂಗಿಗೂ ನಡುವೆ ಜಾಗವೇ ಇರಲಿಲ್ಲ. ಅವನು ಕೊನೆಯ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಬೆಲ್ಟಿನ ಕೊಂಡಿ ಬಿಚ್ಚಿ, ನಾನಿನ್ನು ಏಳುವುದಿಲ್ಲ ಎಂದು ಘೋಷಿಸಿದ. ಜೋಲೇನ್ ಸ್ಟಿಯರಿಂಗ್ ಹಿಡಿದಳು. ಹಸಿವಿಗೆ ತಲೆ ಗಿರ್ರೆನ್ನುತ್ತಿತ್ತು, ಒಂದೊಂದು ದೀಪ ಎರಡೆರಡಾಗಿ ಕಾಣುತ್ತಿತ್ತು. ಕೆಂಪಿಗೆ ಹೊರಟು ಹಸಿರಿಗೆ ನಿಂತು, ಪಕ್ಕದ ಕಾರುಗಳವರ ಬಾಯಲ್ಲಿ ಬರಬಾರದ ಮಾತು ಬರಿಸಿ, ಹೇಗೋ ಗೇಟಿನ ಮುಂದಿನ ಸಾಲಿಗೆ ಬಂದು ಸೇರಿದಳು.

ಸಾಲು ಆಮೆಯಂತೆ ತೆವಳುತ್ತಿತ್ತು. ಮುಂದೆ ಏಳೆಂಟು ಕಾರುಗಳಿರುವಾಗ ಪಕ್ಕದಲ್ಲಿದ್ದ ಮೇರನ್ ಗಾಜಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಜೋಲೇನಿಗೆ ಇನ್ನು ತಡೆಯಲಾಗಲಿಲ್ಲ.

"ಎಲ್ಲಾ ನನ್ನಿಂದಾಗಿದ್ದು. ನಾನು ಉಪವಾಸ ಇದೀನಿ" ಎಂದು ಅಳುವ ದನಿಯಲ್ಲಿ ಹೇಳಿಬಿಟ್ಟಳು.

ಹಿಂದಿನಿಂದ ಅಪ್ಪ ಕೆಮ್ಮಿ, "ನಾನೂ" ಎಂದರು.

"ನೀವೂನಾ? ನಾನೂ ಅಲ್ವಾ!" ಎಂದರು ಅಮ್ಮ.

ಮೇರನ್ ಕಣ್ಣು ತೆರೆಯದೆಯೇ, "ನಾನೂ" ಎಂದಳು.

ಕೊನೆಯ ಸೀಟಿನಿಂದ ಒಂದು ನರಳಾಟ ಕೇಳಿಸಿತು. "ಒಬ್ಬರಾದ್ರೂ ಊಟಕ್ಕೆ ಮುಂಚೆ ಬಾಯಿ ಬಿಡಬಾರದಾಗಿತ್ತೇನ್ರೀ" ಎಂದ ರೂಲನ್.

ಹುಡುಗಿ ಗೇಟಿನಲ್ಲಿ ತಲೆಸುತ್ತಿ ಬಿದ್ದರೆ ಗತಿಯೇನು? ಅಪ್ಪ ಎರಡೇ ಮಾತಿನಲ್ಲಿ ಪ್ರಾರ್ಥನೆ ಹೇಳಿ ನಾಲ್ವರ ಉಪವಾಸವನ್ನೂ ಒಟ್ಟಿಗೆ ಮುಗಿಸಿದರು. ಅಮ್ಮನ ಕೈಚೀಲದಿಂದ ಒಂದು ಬುಟ್ಟಿಯಷ್ಟು ಬನ್ನು ಹೊರಬಂದವು. ಅಪ್ಪನ ಎರಡೂ ಜೇಬುಗಳಿಂದ ಸ್ಟೇಕಿನ ತುಂಡುಗಳು ಬಂದವು. ತಿನ್ನುತ್ತ ತಿನ್ನುತ್ತ ಯಾರ್‍ಯಾರ ಕೋರಿಕೆ ಏನೆಂಬ ಮಾತು ಬಂತು. ವ್ಯಾನು ದಾರಿಯಲ್ಲಿ ಕೈಕೊಡದಿರಲೆಂದು ಅಪ್ಪ ಬೇಡಿಕೊಂಡಿದ್ದರು. ಆ ಫಿನ್ನಿಶ್ ಭಾಷೆ ಮಗಳ ನಾಲಿಗೆಗೆ ಹತ್ತಲೆಂದು ಅಮ್ಮ ಬೇಡಿಕೊಂಡಿದ್ದರು. ಜೋಲೇನ್ ರಸ್ತೆಯ ಕಡೆಗೇ ನೋಡುತ್ತ, ತಂಗಿಗೆ ಧೈರ್ಯ ಬರಲಿ ಅಂತ ಎಂದು ತೊದಲಿದಳು. ಮೇರನ್ ಮಾತ್ರ, ನನ್ನದನ್ನು ಇಳಿಯುವಾಗ ಹೇಳುತ್ತೇನೆ ಎಂದಳು. ಎರಡು ಬನ್ನು ಹೊಟ್ಟೆಗಿಳಿದ ಮೇಲೆ ಅವಳ ಕೆನ್ನೆಗೆ ಬಣ್ಣ ಬಂದಿತ್ತು.

ಅವಳ ಮುಖದಲ್ಲಿ ಅಂಜಿಕೆ ಇಲ್ಲದ್ದನ್ನು ಕಂಡು ಜೋಲೇನಿಗೆ ಎಲ್ಲವೂ ತಿಳಿಯಿತು. ಹುಡುಗಿಯ ಮನಸ್ಸು ಎಂದೂ ಬದಲಾಗಿರಲಿಲ್ಲ, ಬರೀ ಹಸಿದಿದ್ದಳು. ಇನ್ನೈದು ನಿಮಿಷಕ್ಕೆ ಇವಳು ಹೋಗಿಯೇ ಬಿಡುತ್ತಾಳೆ. ಆ ಸಂಕಟಕ್ಕೆ ಜೋಲೇನ್ ಇಡೀ ಒಂದು ಬನ್ನನ್ನೇ ಬಾಯಿಗೆ ತುರುಕಿಕೊಂಡಳು. ಅಷ್ಟರಲ್ಲಿ ಮುಂದಿನ ಕಾರು ಹೋಯಿತು, ಅವರ ಸರದಿ ಬಂತು.

ಸೂಟು ಹಾಕಿದ ಒಬ್ಬ ಯುವಕ ನಗುನಗುತ್ತ ಬಾಗಿಲು ತೆರೆದ. ಒಳಗೆ ಕೆನ್ನೆ ಉಬ್ಬಿಸಿಕೊಂಡು ಜಗಿಯುತ್ತಿದ್ದ ಸಂಸಾರವನ್ನು ಕಂಡು ಅವನ ಸ್ವಾಗತದ ಮಾತು ಅರ್ಧಕ್ಕೇ ನಿಂತಿತು. ಪೆಟ್ಟಿಗೆಗಳು ಇಳಿದವು. ಅಪ್ಪ ಅಮ್ಮ ಇಳಿದು ಮಗಳನ್ನು ಅಪ್ಪಿಕೊಂಡರು. ವ್ಯಾನು ಓಡಿಸುವವಳು ಇಳಿಯುವ ಹಾಗಿಲ್ಲ. ಜೋಲೇನ್ ಕಿಟಕಿಯ ಗಾಜು ಇಳಿಸಿದಳು. ಶಪಥ, ಮರ್ಯಾದೆ, ಸ್ಕೀನ್ ದಂಪತಿಗಳು ಎಲ್ಲ ಮರೆತುಹೋಯಿತು. 'ಬೇಡ ಕಣೇ, ಹೋಗಬೇಡ, ಹತ್ತು, ಮನೆಗೆ ಹೋಗೋಣ' ಎಂದು ಕೂಗಲು ಬಾಯಿ ತೆರೆದಳು. ನಿನ್ನೆ ರಾತ್ರಿಯಿಂದ ನೀರು ಕಾಣದ ಬಾಯಿ ಅದು, ಬನ್ನು ಅಂಟಿನ ಹಾಗೆ ಅಂಗುಳಕ್ಕೆ ಹತ್ತಿಕೊಂಡಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಹೊರಬಂದದ್ದು "ಮ್ಮ್... ಮ್ಮ್" ಎಂಬ ಒಂದು ಸದ್ದು ಮಾತ್ರ, ಅದರ ಜೊತೆಗೆ ಧಾರಾಕಾರ ಕಣ್ಣೀರು.

ಮೇರನ್ ಕಿಟಕಿಯೊಳಗೆ ಬಗ್ಗಿ ಅಕ್ಕನ ಕತ್ತು ತಬ್ಬಿಕೊಂಡಳು.

"ಅಕ್ಕ, ನಂದು ಹೇಳ್ಲಾ? ಗೇಟಲ್ಲಿ ನೀನು 'ಬೇಡ, ಬಾ' ಅಂತ ಒಂದ್ಮಾತು ಅಂದ್ರೆ ಸಾಕು, ನಾನು ತಿರುಗಿ ವ್ಯಾನ್ ಹತ್ತಿಬಿಡ್ತೀನಿ. ಅದು ನಂಗೆ ಗೊತ್ತಿತ್ತು. ಅದಕ್ಕೇ ಅಕ್ಕನ ಬಾಯಿ ಕಟ್ಟು ದೇವರೇ ಅಂತ ಉಪವಾಸ ಇದ್ದೆ." ಅಕ್ಕನ ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿದಳು. "ಕಟ್ಟಿದಾನೆ."

ಪೆಟ್ಟಿಗೆ ಎಳೆದುಕೊಂಡು ಹೊರಟೇಹೋದಳು. ಹಿಂದಿನ ಕಾರಿನವನು ಹಾರ್ನ್ ಮಾಡಿದ. ಜೋಲೇನ್ ವ್ಯಾನು ಮುಂದಕ್ಕೆ ಬಿಟ್ಟಳು.

ಬನ್ನು ಗಂಟಲಿನಿಂದ ಕೆಳಗಿಳಿಯುವ ಹೊತ್ತಿಗೆ ಅವರು ಹೆದ್ದಾರಿಗೆ ಬಂದಿದ್ದರು. ಮೇರನ್ ಕೂತಿದ್ದ ಸೀಟಿಗೆ ಬಂದು ಕೂತಿದ್ದ ಅಮ್ಮ ಕೈವಸ್ತ್ರದಿಂದ ಮಗಳ ಮುಖ ಒರೆಸಿ ಮೆಲ್ಲಗೆ ಕೇಳಿದರು: "ಗೇಟಲ್ಲಿ ಅವಳಿಗೆ ಏನೋ ಹೇಳೋಕೆ ಹೋದ್ಯಲ್ಲ, ಏನೇ ಅದು?"

ಜೋಲೇನ್ ಮುಂದಿದ್ದ ಲಾರಿಯೊಂದನ್ನು ಹಿಂದೆ ಹಾಕಿದಳು.

"ಇನ್ನೊಂದು ಬನ್ ಬೇಕಾ ಅಂತ" ಎಂದಳು.