ಮಾವನವರ ಪಥ್ಯ, ನನ್ನ ಪಾಂಡಿತ್ಯ

ಶಿರಾದ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ಆರೋಗ್ಯಶಾಸ್ತ್ರ ಬೋಧಿಸುವ ನನ್ನಂಥ ಮಹಾಪಂಡಿತನಿರುವಾಗ ಸ್ವಂತ ಮಾವನವರು ಸಕ್ಕರೆ ಕಾಯಿಲೆಯಿಂದ ನರಳುವುದೇ? ಛೆ, ನನ್ನ ಪಾಠಕ್ಕೇ ಅವಮಾನ! ಆ ರೋಗವನ್ನು ಅಡುಗೆಮನೆಯಲ್ಲೇ ಅಡ್ಡಗಟ್ಟಿ ಅಟ್ಟಿಬಿಡುತ್ತೇನೆಂದು ಹೆಂಡತಿ ಜಗದಾಂಬಳ ಮುಂದೆ ಶಪಥ ಮಾಡಿದೆ.

ಮಾವ ವೃಷಭೇಂದ್ರಪ್ಪನವರು ಚಿಕಿತ್ಸೆಗೆಂದು ಕೊಳಾಲದಿಂದ ನಮ್ಮ ಮನೆಗೆ ಬಂದಿದ್ದರು. ಡಾಕ್ಟರ್ ಖಲೀಲುಲ್ಲಾ ಅವರು ಮಾವನವರ ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿದಾಗ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಅಂದರೆ ಸಕ್ಕರೆ ವಿಪರೀತ. ಅನ್ನ ಬಿಡಿ, ಬೆಲ್ಲ ಬಿಡಿ, ರಾಗಿ ತಿನ್ನಿ. ಮುಂದಿನ ಸಂತೆಯ ಹೊತ್ತಿಗೆ ಬಣ್ಣ ಹಸಿರಿಗೆ ಇಳಿಯದಿದ್ದರೆ ದಿನಾ ಬೆಳಿಗ್ಗೆ ಸೂಜಿಯೇ ಗತಿ ಎಂದಿದ್ದರು. ಮಾವನವರು ಹೋರಿಯ ಕೊಂಬು ಹಿಡಿದು ನಿಲ್ಲಿಸುವ ಆಸಾಮಿ. ಸೂಜಿ ಎಂದರೆ ಮಾತ್ರ ಕೂತಲ್ಲೇ ಬೆವರುತ್ತಿದ್ದರು. ಹೆದರಬೇಡಿ, ಇನ್ನು ನಿಮ್ಮ ಅಡುಗೆ ನನ್ನದು ಎಂದು ಅಭಯಹಸ್ತ ತೋರಿಸಿದೆ.

"ನೀರು ಕಾಯ್ಸಿದ್ರೂ ತಳ ಹತ್ತುಸ್ತೀರ. ನೀವು ಹೆಂಗೆ ಮುದ್ದೆ ತಿರುವ್ತೀರ?" ಎಂದಳು ಜಗದಾಂಬ.

ಅಸೂಯೆ, ಮತ್ತೇನು? ನಾನು ಒಲೆಯ ಮುಂದೆ ವಿರಾಜಮಾನನಾದೆ. ನಮ್ಮ ಕಡೆ ಮುದ್ದೆಯ ಎಸರಿಗೆ ಒಂದು ಹಿಡಿ ಅಕ್ಕಿನುಚ್ಚು ಹಾಕುವ ರೂಢಿ. ನುಚ್ಚೆಂದರೆ ಅಕ್ಕಿ, ಅಕ್ಕಿಯೆಂದರೆ ವಿಷ! ಬಿಟ್ಟೆ. ಹಿಟ್ಟು ಮುನಿಸಿಕೊಂಡು ಗಂಟುಗಂಟಾಯಿತು. ಹಾಗಲಕಾಯಿ ಗೊಜ್ಜಿಗೆ ಹಾಕುವ ಬೆಲ್ಲವನ್ನೂ ಬಿಟ್ಟೆ. ಹುಣಸೆಹಣ್ಣೂ ಹಣ್ಣೇ ತಾನೇ ಎಂದು ಅದನ್ನೂ ಬಿಟ್ಟೆ. ಉಳಿದದ್ದು ಹಾಗಲಕಾಯಿ ಮತ್ತು ನನ್ನ ವಿದ್ವತ್ತು.

ಮೊದಲ ತುತ್ತಿಗೇ ಮಾವನವರ ಕಣ್ಣಲ್ಲಿ ನೀರು ಬಂತು. ಆದರೂ ತಟ್ಟೆ ಖಾಲಿಯಾಯಿತು. ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ, ಒಂದು ಚೂರೂ ಬಿಡದೆ ತಿಂದು, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕೆಂಬುದು ನಮ್ಮ ಲಿಂಗವಂತರ ಹಿರಿಯರ ನೇಮ. ಅದು ನನಗೂ ಗೊತ್ತು. ಆದರೂ ಖಾಲಿ ತಟ್ಟೆಯನ್ನು ನನ್ನ ಕೈರುಚಿಗೆ ಸಂದ ಬಿರುದೆಂದೇ ಬಗೆದು, ಅವರು ನೀರು ಸುರಿದುಕೊಳ್ಳುವ ಮೊದಲೇ ಇನ್ನೊಂದು ಮುದ್ದೆ ಇಳಿಸಿದೆ. ಅದೂ ಖಾಲಿ. ಮತ್ತೊಂದು!

ಮಾರನೆಯ ದಿನದಿಂದ ಮಾವನವರು ಬೇಗ ತಟ್ಟೆಗೆ ನೀರು ಸುರಿದು ಪಾರಾಗಲು ನೋಡಿದರು. ನಾನು ಚೆಂಬನ್ನೇ ಕೈಗೆ ಸಿಗದಂತೆ ಇಟ್ಟೆ.

"ಅಪ್ಪಯ್ಯಂಗೆ ಒಂದೇ ಸಾಕು ಕಣ್ರೀ. ರಾಗಿಗೂ ಒಂದು ಮಿತಿ ಐತೆ" ಎಂದು ಜಗದಾಂಬ ಗೊಣಗಿದಳು. ರಾಗಿ ಔಷಧಿ, ಔಷಧಿ ಹೆಚ್ಚಿದಷ್ಟೂ ಗುಣ ಹೆಚ್ಚು ಎಂದು ಅವಳಿಗೂ ಒಂದು ಪಾಠ ಮಾಡಿದೆ.

ಸಂತೆಯ ದಿನ ಡಾಕ್ಟರ ಮುಂದೆ ಎದೆಯುಬ್ಬಿಸಿ ನಿಂತೆ. ಗಾಜಿನ ನಳಿಗೆಯಲ್ಲಿ ನೀಲಿ ಕುದಿಯಿತು, ಹಸಿರಾಯಿತು. ನಾನು ಮೀಸೆ ಮುಟ್ಟಿದೆ. ಹಸಿರು ಅಲ್ಲಿ ನಿಲ್ಲಲಿಲ್ಲ. ಹಳದಿಯಾಗಿ, ಕೊನೆಗೆ ಹಿಂದಿಗಿಂತ ಕೆಂಪು ಇಟ್ಟಿಗೆಯಾಯಿತು. ಏನು ತಿನ್ನಿಸಿದಿರಿ ಎಂದು ಡಾಕ್ಟರು ಕೇಳಿದರು. ಹೇಳಿದೆ.

"ಮೇಷ್ಟ್ರೇ, ರಾಗಿ ತಿನ್ಸಿ ಅಂದಿದ್ದೆ. ಮೂಟೆ ಖಾಲಿ ಮಾಡ್ಸಿ ಅಂದಿರ್ಲಿಲ್ಲ. ಹೊಟ್ಟೆಗೆ ಹೋದ್ರೆ ರಾಗಿನೂ ಸಕ್ಕರೇನೇ" ಎಂದು ಅವರು ಸೂಜಿಯನ್ನು ಕುದಿಯುವ ನೀರಿಗೆ ಹಾಕಿದರು.

ನನಗೆ ತಲೆ ಎತ್ತಲಾಗಲಿಲ್ಲ. ಸೂಜಿಗೆ ಹೆದರುವ ಹಿರಿಯರನ್ನು ನಾನೇ ಕೈಹಿಡಿದು ಸೂಜಿಯ ಮುಂದೆ ತಂದು ಕೂರಿಸಿದ್ದೆ. ಅವರು ಎಲ್ಲಿ ಕುಸಿಯುತ್ತಾರೋ ಎಂದು ಹಿಡಿಯಲು ಹೋದೆ. ಮಾವನವರು ಆಗಲೇ ಅಂಗಿಯ ತೋಳು ಮಡಚಿ ಕೂತಿದ್ದರು. ಬೆವರಿನ ಹನಿಯೂ ಇರಲಿಲ್ಲ.

"ಇದು ಹಾಕುಸ್ಕೊಂಡ್ರೆ ಮಗಳ ಕೈಲಿ ಉಣ್ಣಬೌದಾ ಡಾಕ್ಟ್ರೇ?"

ಧಾರಾಳವಾಗಿ, ಒಂದೇ ಮುದ್ದೆ, ಜೊತೆಗೆ ಸೊಪ್ಪು ಎಂದರು ಡಾಕ್ಟರು.

ಮಾವನವರು ನನ್ನ ಕಡೆ ಒಮ್ಮೆ ನೋಡಿ, ಇನ್ನೊಂದು ತೋಳನ್ನೂ ಮಡಚಿದರು.

"ಅಂಗಾರೆ ಇದಕ್ಕೂ ಒಂದು ಹಾಕ್ಬುಡಿ ಸ್ವಾಮಿ. ಅಳಿಯಂದ್ರು ಮತ್ತೆ ಒಲೆ ಮುಂದೆ ಕುಂತ್ರೂ ಕುಂತಾರು."