ಹಳೆಯ ಬ್ಯಾಟರಿಯ ಸಾಕ್ಷ್ಯ

ತಾರೀಕೊಂದು ಎರಡು ಕಡೆ ತಾಳೆಯಾಗದೆ ನನಗೆ ಅನ್ನ ಇಳಿಯುವುದಿಲ್ಲ. ನನ್ನದೇ ಲಗ್ನಪತ್ರಿಕೆಯಲ್ಲಿ ತಿಥಿಗೂ ವಾರಕ್ಕೂ ಹೊಂದಿಕೆಯಿಲ್ಲವೆಂದು ಭಾವೀ ಮಾವನವರಿಗೆ ಪತ್ರ ಬರೆದವನು ನಾನು. ಸಂಶೋಧನೆಯಿಂದ ನಿವೃತ್ತನಾಗಿ ಚನ್ನಪಟ್ಟಣಕ್ಕೆ ಬಂದು ನೆಲೆಸಿದ ಮೇಲೂ ಈ ವ್ಯಾಧಿ ಮಾತ್ರ ನಿವೃತ್ತವಾಗಲಿಲ್ಲ. ಅದಕ್ಕೆ ಬಲಿಯಾದದ್ದು, ಪ್ರಯೋಗಾಲಯದವರು ಹಳೆಯ ಸಾಮಾನು ಹೊರಹಾಕುವಾಗ ನಾನು ಕೇಳಿ ಪಡೆದಿದ್ದ, ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವುಗಳ ಒಂದು ಪ್ರೀಆಂಪ್ಲಿಫೈಯರ್. ಅಳೆಯುವ ಉಪಕರಣಗಳಿಗೂ ನಿಲುಕದಷ್ಟು ಕ್ಷೀಣವಾದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿಕೊಡುವುದು ಅದರ ಕೆಲಸ. ಮನೆಯ ಕರೆಂಟಿನ ಗುಂಯ್‌ಕಾರ ಸೋಂಕದಿರಲೆಂದು ಬರೀ ಬ್ಯಾಟರಿಯ ಮೇಲೆ ನಡೆಯುವ ಮಡಿವಂತ ಪೆಟ್ಟಿಗೆ. "ಸಣ್ಣದನ್ನ ದೊಡ್ಡದು ಮಾಡೋಕೆ ಈ ಮನೇಲಿ ನೀವಿದ್ದೀರಲ್ಲ, ಇನ್ನೊಂದು ಯಾಕ್ರೀ?" ಎಂದಳು ನನ್ನ ಹೆಂಡತಿ.

ರಾಮನಗರದ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ಅದನ್ನು ನಡೆಯುವ ಸ್ಥಿತಿಯಲ್ಲಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಮಾಗಡಿಯಲ್ಲಿ ರೇಡಿಯೊ ರಿಪೇರಿ ಮಾಡುವ ಪುಟ್ಟಸ್ವಾಮಿ ಹಳೆಯ ಬ್ಯಾಟರಿ ತೆಗೆದು ಹೊಸ ಸೆಲ್ಲುಗಳನ್ನು ಜೋಡಿಸಿದ್ದೇ ತಡ, ಮೀಟರಿನ ಮುಳ್ಳು ಎದ್ದು ಕುಣಿಯಿತು. "ನೋಡಿ ಸಾ, ಇನ್ನೂ ಜೀವ ಐತೆ! ಹಳೇ ಬ್ಯಾಟ್ರಿ ಒಸಿ ಊದ್ಕಂಡೈತೆ, ಎಸೆದ್ಬುಡಿ. ಒಳಗಿಟ್ರೆ ಸೋರ್ಬುಟ್ಟು ಎಲ್ಲಾ ತಿಂದಾಕ್ತದೆ" ಎಂದು ಎಚ್ಚರಿಸಿದ.

ಕಾಲೇಜಿನ ಉಪನ್ಯಾಸಕಿ ಫೋನು ಮಾಡಿ, "ಸರ್, ಪಕ್ಕದಲ್ಲಿಡೋ ಚೀಟೀಲಿ ಹಳೇದು ಅಂತ ಬರೆದ್ರೆ ಸಾಕು" ಎಂದರು. ಹಳೆಯದು! ಅಷ್ಟು ಹೇಳಲು ಗುಜರಿಯವನು ಸಾಕಲ್ಲವೆ, ಸಂಶೋಧಕನೇ ಬೇಕೆ? ಪೆಟ್ಟಿಗೆಯ ತಳದ ಮುದ್ರೆ ಒಂದು ವರ್ಷವನ್ನು ಹೇಳಿತು. ವಾಲ್ವಿನ ಗಾಜು ಇನ್ನೊಂದನ್ನು. ಉಳಿದ ಏಕೈಕ ಸಾಕ್ಷಿಯೆಂದರೆ ಹಳೆಯ ಬ್ಯಾಟರಿಗೆ ಸುತ್ತಿದ್ದ ಕಾಗದದ ಮೇಲಿನ, ವರ್ಷದ ಕೊನೆಯಂಕಿ ಓದಲಾಗದಷ್ಟು ಮಾಸಿದ ತಾರೀಕು. ಸಾಕ್ಷ್ಯವನ್ನು ಸಿಕ್ಕ ಸ್ಥಳದಿಂದ ಕದಲಿಸಬಾರದೆಂಬುದು ನಮ್ಮ ಶಾಸ್ತ್ರ. ಆದ್ದರಿಂದ ಹೊಸ ಸೆಲ್ಲುಗಳನ್ನು ತೆಗೆದು, ಹಳೆಯ ಬ್ಯಾಟರಿಯನ್ನು ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿ, ಮುಚ್ಚಳ ಬಿಗಿದು, ಆ ಅಂಕಿ ಯಾವುದಿರಬಹುದೆಂದು ಮಳೆಗಾಲವಿಡೀ ಆಕರಗ್ರಂಥಗಳಲ್ಲಿ ಮುಳುಗಿದೆ.

ಪ್ರದರ್ಶನದ ಮುನ್ನಾದಿನ ಮುಚ್ಚಳ ತೆಗೆದರೆ, ಬ್ಯಾಟರಿ ಸೋರಿ ತಂತಿಗಳನ್ನು ಹಸಿರು ಹಿಟ್ಟಾಗಿಸಿತ್ತು. ವಾಲ್ವುಗಳ ಕಾಲು ಸವೆಸಿತ್ತು. ತಾರೀಕಿದ್ದ ಕಾಗದವನ್ನು ಮೊದಲ ತುತ್ತಿಗೇ ನುಂಗಿರಬೇಕು, ಕುರುಹೂ ಉಳಿದಿರಲಿಲ್ಲ. ಮಾಗಡಿಗೆ ಹೊತ್ತೊಯ್ದರೆ, ಪುಟ್ಟಸ್ವಾಮಿ ಒಮ್ಮೆ ಇಣುಕಿ ನೋಡಿದ. "ನೀವು ತಾರೀಕು ಹುಡುಕ್ಕಂಡು ಕೂತ್ರಿ, ಅದು ಸೋರ್ಕಂಡು ಕೂತಿತ್ತು. ಓದ್ದೋರು ಮಾಡೋ ಕೆಲ್ಸಾನಾ ಸಾ ಇದು?" ಎಂದವನು, ಅರೆಕ್ಷಣ ಯೋಚಿಸಿ ತಿದ್ದಿಕೊಂಡ: "ಊಂ, ಓದ್ದೋರೇ ಮಾಡೋದು."

ಪೆಟ್ಟಿಗೆ ಪ್ರದರ್ಶನಕ್ಕೇನೋ ಹೋಯಿತು, ಶವವಾಗಿ. ಚೀಟಿಯನ್ನು ನಾನೇ ಬರೆದೆ: "ತಯಾರಾದ ವರ್ಷ ಅನಿಶ್ಚಿತ." ಅದು ಕೆಟ್ಟ ವರ್ಷದ ಬಗ್ಗೆ ಮಾತ್ರ ಕಿಂಚಿತ್ತೂ ಸಂದೇಹವಿಲ್ಲ. ಪುಟ್ಟಸ್ವಾಮಿಯೂ ನನ್ನ ಹೆಂಡತಿಯೂ, ಒಬ್ಬರನ್ನೊಬ್ಬರು ಕೇಳದೆಯೇ, ವರ್ಷದ ಜೊತೆಗೆ ಕೆಡಿಸಿದವನ ಹೆಸರನ್ನೂ ದೃಢಪಡಿಸಿದ್ದಾರೆ. ಎರಡೂ ತಾಳೆಯಾಗಿವೆ.