ಅಯ್ಯನವರ ಗಂಡ

ಡಾಕ್ಟರ ಹೆಂಡತಿಯನ್ನು ಡಾಕ್ಟ್ರಮ್ಮ, ಮೇಷ್ಟರ ಹೆಂಡತಿಯನ್ನು ಮೇಷ್ಟ್ರಮ್ಮ ಎಂದು ಕರೆದು ಸುಖವಾಗಿರುವ ನಮ್ಮ ಜನ, ಹೆಂಡತಿಯ ಹುದ್ದೆಯಿಂದ ಗಂಡನಿಗೊಂದು ಹೆಸರು ಕೊಡಬೇಕಾಗಿ ಬಂದಾಗ ಮಾತ್ರ ತಬ್ಬಿಬ್ಬಾಗುತ್ತಾರೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಹೆಂಡತಿ ಸುಗುಣ ಕೊಡಗಿನ ಅಮ್ಮತ್ತಿಯ ಹತ್ತಿರ ಒಂದು ಲುಥೆರನ್ ಕಾಲೇಜಿನ ಪಾದ್ರಿ. ಅಲ್ಲಿನ ಪ್ರಾರ್ಥನಾಲಯದಲ್ಲಿ ಆರಾಧನೆ ನಡೆಸುವುದು, ಹಾಸ್ಟೆಲಿನ ಮಕ್ಕಳ ಕಷ್ಟಸುಖ ಕೇಳುವುದು ಅವಳ ಕೆಲಸ. ಅವಳಿಗಿಂತ ಮುಂಚೆ ಆ ಜಾಗದಲ್ಲಿದ್ದವರೆಲ್ಲ ಗಂಡಸರು. ನಮ್ಮಲ್ಲಿ ಪಾದ್ರಿಗೆ ಅಯ್ಯನವರು, ಅವರ ಹೆಂಡತಿಗೆ ಅಮ್ಮನವರು ಎನ್ನುವುದು ರೂಢಿ. ಸುಗುಣಳನ್ನು ಅಮ್ಮನವರು ಎಂದರೆ ಅಯ್ಯನವರೆಲ್ಲಿ ಎಂಬ ಪ್ರಶ್ನೆ ಬರುತ್ತದೆ. ನನ್ನನ್ನು ಅಯ್ಯನವರು ಎನ್ನೋಣವೆಂದರೆ, ನಾನು ಪಾಲಿಬೆಟ್ಟದ ಕಡೆಯ ಕಾಫಿ ಎಸ್ಟೇಟಿನಲ್ಲಿ ಕೆಲಸದವರ ಹಾಜರಿ ಕೂಗುವ ರೈಟರ್. ಕೊನೆಗೆ ಅವಳೇ ಅಯ್ಯನವರಾದಳು, ನಾನು ಅಯ್ಯನವರ ಗಂಡನಾದೆ. ಸಂತೆಯಲ್ಲಿ ಯಾರಾದರೂ ಹಾಗೆ ಕೂಗಿದರೆ ಹೊಸಬರು ಮೀನು ಆರಿಸುವುದನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ.

ಸುಗುಣ ಬಂದ ಮೇಲೆ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟ ಹುಡುಗಿಯರ ಕೈಗೆ ಬಂತು. ಹಿಂದೆ ಹೂ ಜೋಡಿಸಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವರು ಈಗ ಬೈಬಲಿನ ವಾಕ್ಯ ಓದುತ್ತಾರೆ, ಪ್ರಸಂಗ ಮಾಡುತ್ತಾರೆ, ಜಗಳವಾಡಿದವರನ್ನು ರಾಜಿ ಮಾಡಿಸುತ್ತಾರೆ. ಅವರ ಮುಂದಾಳು ಕೊಡ್ಲಿಪೇಟೆಯ ಸ್ಟೆಲ್ಲಾ. ಇದು ಸಭೆಯ ಹಿರಿಯರೂ ಕಾಲೇಜಿನ ನಿವೃತ್ತ ಹೆಡ್ ಕ್ಲಾರ್ಕೂ ಆದ ದೇವದಾಸಪ್ಪನವರಿಗೆ ಹಿಡಿಸಲಿಲ್ಲ. "ಹೆಣ್ಮಕ್ಳು ಹಾಡ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಮೇಲೆ ನಿಂತು ಮಾತಾಡೋಕೆ ಗಂಡಸಿನ ಗಂಟಲೇ ಆಗ್ಬೇಕು" ಎನ್ನುತ್ತಿದ್ದರು.

ಹೊಸ ಸೆಮಿಸ್ಟರಿನ ಮೊದಲ ಆರಾಧನೆಯ ದಿನ ಸುಗುಣಳ ಗಂಟಲು ಕಟ್ಟಿಹೋಯಿತು. ಸ್ಟೆಲ್ಲಾ ನೋಡಿಕೊಳ್ಳಲಿ ಎಂದು ಅವಳು ಕೈಸನ್ನೆ ಮಾಡುತ್ತಿರುವಾಗಲೇ ದೇವದಾಸಪ್ಪನವರು ನಮ್ಮ ಬಾಗಿಲಿಗೆ ಬಂದರು. "ಮನೇಲೇ ಗಂಡಸರು ಇದ್ದಾರಲ್ಲ, ಅವರೇ ಮಾಡ್ಲಿ" ಎಂದು ನನ್ನ ಕಡೆ ತಿರುಗಿದರು. ಸುಗುಣಳನ್ನು ವಿಚಾರಿಸಲು ಬಂದಿದ್ದ ಸ್ಟೆಲ್ಲಾ ನನಗೆ ಮೆಲ್ಲಗೆ, "ನೀವು ಕುಂತ್ಕಳಿ ಅಂಕಲ್, ನಾವು ನೋಡ್ಕತೀವಿ" ಎಂದಳು. ಅಷ್ಟರಲ್ಲಿ ನಾನು ಮದುವೆಯ ಕೋಟು ಹುಡುಕತೊಡಗಿದ್ದೆ.

ವೇದಿಕೆ ಹತ್ತಿ ಬಾಯಿ ತೆರೆದಾಗ ಬಂದದ್ದು ಎಸ್ಟೇಟಿನಲ್ಲಿ ಹಾಜರಿ ಕೂಗುವ ಧ್ವನಿ. ಮಕ್ಕಳೆಲ್ಲ ನೆಟ್ಟಗೆ ಕೂತರು. "ದೇವರೇ, ಈ ಮಕ್ಕಳಿಗೆ ವಿದ್ಯೆ ಕೊಡು" ಎಂದೆ. ನನ್ನ ಬಳಿ ಇದ್ದ ಸರಕು ಅಲ್ಲಿಗೆ ಮುಗಿಯಿತು. ತಲೆ ತಡಕಿದರೆ ಕಾಫಿ ಬಿಟ್ಟು ಬೇರೇನೂ ಸಿಗಲಿಲ್ಲ. "ಈ ವಾರ ಒಂದು ಒಳ್ಳೆ ಮಳೆ ಕೊಡು, ಕಾಫಿ ಹೂ ಅರಳಲಿ. ಆಮೇಲೆ ಸ್ವಲ್ಪ ದಿನ ಬಿಟ್ಟು ಇನ್ನೊಂದು ಮಳೆ ಕೊಡು, ಕಾಯಿ ಕಟ್ಟಲಿ. ನಡುವೆ ಮಾತ್ರ ಬೇಡ, ಹೂ ಕೊಳೆತುಹೋಗುತ್ತೆ" ಎಂದು ಬೇಡಿದೆ. ತೋಟದ ಮನೆಗಳ ಮಕ್ಕಳು ಹೃದಯಪೂರ್ವಕವಾಗಿ ಆಮೆನ್ ಎಂದರು. ಆ ಉತ್ಸಾಹದಲ್ಲಿ, "ನಾಳೆ ಎಂಟಕ್ಕೆ ಎಲ್ಲರೂ ಹಾಜರಿರಬೇಕು" ಎಂಬ ಮಾತೂ ಹೊರಬಿತ್ತು. ಅದನ್ನು ಹೇಳಿದ್ದು ಮಕ್ಕಳಿಗೋ ದೇವರಿಗೋ ನನಗೆ ಈಗಲೂ ಗೊತ್ತಿಲ್ಲ.

ಯಾರೋ ಕಿಸಕ್ಕೆಂದರು. ನಾನು ಬೆವರುತ್ತಾ ನಿಂತೆ. ಆಗ ಸ್ಟೆಲ್ಲಾ ಕೂತಲ್ಲಿಂದಲೇ ಒಂದು ಕೀರ್ತನೆ ಎತ್ತಿಕೊಂಡಳು. ಹುಡುಗಿಯರೆಲ್ಲ ಎದ್ದು ದನಿಗೂಡಿಸಿದರು. ಹಾಡುತ್ತಲೇ ಅವಳು ಮೇಲೆ ಬಂದಳು, ನಾನು ಬದಿಗೆ ಸರಿದೆ. ಮೊದಲ ಸಲ ಮನೆ ಬಿಟ್ಟು ಬಂದು ಹಾಸ್ಟೆಲಿನಲ್ಲಿ ಮುಸುಕಿನೊಳಗೆ ಅಳುವವರ ಬಗ್ಗೆ ಮಾತಾಡಿದಳು. ತಾನೂ ಹಾಗೆ ಅತ್ತಿದ್ದೆ ಎಂದಳು. ಪಕ್ಕದವರ ಕೈ ಹಿಡಿದುಕೊಳ್ಳಿ ಎಂದು ಹೇಳಿ, ಮನೆಯಲ್ಲಿ ಕಾಯಿಲೆಯವರಿದ್ದರೆ ಅವರಿಗಾಗಿಯೂ ಬೇಡಿದಳು. ದೇವದಾಸಪ್ಪನವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಎಲ್ಲ ಮುಗಿದ ಮೇಲೆ ಅವರು ನನ್ನನ್ನು ದಾಟಿಕೊಂಡು ಸ್ಟೆಲ್ಲಾಳ ಬಳಿ ಹೋದರು. "ನಾಳೆ ಮೈಸೂರಲ್ಲಿ ನಮ್ಮ ಮನೆಯವಳಿಗೆ ಆಪರೇಷನ್ ಮಗಾ. ನೀನೊಂದು ಮಾತು ಹೇಳ್ತೀಯಾ ದೇವರಿಗೆ?" ಎಂದರು.

"ಅಜ್ಜಿ ಹೆಸರೇನು ತಾತ?"

ಜೀವಮಾನದಲ್ಲಿ ಹೆಂಡತಿಯ ಹೆಸರು ಹಿಡಿದು ಕರೆಯದ ಮನುಷ್ಯ, "ಮನೋರಮಾ" ಎಂದು ಹುಡುಗನಂತೆ ನಾಚಿಕೊಂಡು ಹೇಳಿದರು. ಆ ಹುಡುಗಿಯ ಮುಂದೆ ತಲೆ ಬಾಗಿಸಿ ನಿಂತರು.

ಮನೋರಮಮ್ಮ ಚೆನ್ನಾಗಿ ಮನೆಗೆ ಬಂದರು. ಮುಂದಿನ ವಾರ ದೇವದಾಸಪ್ಪನವರು ಒಂದು ಚೀಲ ಕಿತ್ತಳೆ ತಂದು ನನ್ನ ಕೈಗಿಟ್ಟು, "ಸ್ಟೆಲ್ಲಾಗೆ ತಲುಪಿಸಿಬಿಡಿ" ಎಂದು ಹೊರಟುಹೋದರು. ಹಾಸ್ಟೆಲು ತಲುಪುವಷ್ಟರಲ್ಲಿ ಚೀಲ ಸ್ವಲ್ಪ ಹಗುರವಾಗಿತ್ತು. ಸರಿಯಾದ ಸಮಯಕ್ಕೆ ಬದಿಗೆ ಸರಿದದ್ದೂ ಒಂದು ಸೇವೆಯೇ ಅಲ್ಲವೇ?